ಹೆಣ್ಣಿನ ಲೈಂಗಿಕ ಒಲವು: ಹುಟ್ಟಿನಿಂದ ಬಂದದ್ದೋ, ಬೆಳೆದ ಪರಿಸರದಿಂದ ಬಂದದ್ದೋ?

ಪ್ರಶ್ನೆ: ವಸುಧಾ

ನನ್ನ ತಂಗಿ ತಾನು ಪ್ರೀತಿಸುತ್ತಿರುವುದು ಒಬ್ಬ ಹೆಣ್ಣುಮಗಳನ್ನು ಎಂದು ಮನೆಯಲ್ಲಿ ತಿಳಿಸಿ ಆರು ತಿಂಗಳಾಯಿತು. ಮೊದಮೊದಲಿನ ಅಳು, ಮುನಿಸು ಈಗ ತಣಿದಿವೆ. ಆದರೆ "ನಾನು ಅವಳನ್ನು ಬೆಳೆಸಿದ್ದರಲ್ಲಿ ಏನಾದರೂ ಹೆಚ್ಚುಕಡಿಮೆಯಾಯಿತೇ?" ಎಂದು ಅಮ್ಮ ನನ್ನನ್ನು ಕೇಳುವುದು ಮಾತ್ರ ನಿಂತಿಲ್ಲ. ಅವರಿಗೆ ಸಮಾಧಾನದ ಮಾತಿಗಿಂತ ನಿಜವಾದ ಉತ್ತರ ಹೇಳಬೇಕೆಂದು ಓದಲು ಕುಳಿತೆ. ಓದಿದಷ್ಟೂ ಗೊಂದಲವೇ ಹೆಚ್ಚಾಯಿತು.

ಒಲವು ಹುಟ್ಟಿನಿಂದಲೇ ಬರುತ್ತದೆ ಎನ್ನುವವರು ಮುಂದಿಡುವ ಪುರಾವೆಗಳಲ್ಲಿ ಬಹುಪಾಲು ಗಂಡಸರನ್ನು ಕುರಿತವು. ಅಣ್ಣಂದಿರು ಹೆಚ್ಚಿದಷ್ಟೂ ತಮ್ಮ ಸಲಿಂಗಿಯಾಗುವ ಸಾಧ್ಯತೆ ತುಸು ಏರುತ್ತದೆ ಎಂಬುದಾಗಲಿ, 1993ರಲ್ಲಿ ತಳಿವಿಜ್ಞಾನಿ ಡೀನ್ ಹೇಮರ್ ತಂಡ ಎಕ್ಸ್ ವರ್ಣತಂತುವಿನ ತುದಿಯಲ್ಲಿ ಗುರುತಿಸಿದ ಭಾಗವಾಗಲಿ ಹೆಂಗಸರ ಬಗ್ಗೆ ಏನನ್ನೂ ಹೇಳುತ್ತಿರಲಿಲ್ಲ. ಇನ್ನೊಂದು ಕಡೆ, 2000ರಲ್ಲಿ ರಾಯ್ ಬೌಮೈಸ್ಟರ್ ಎಂಬ ಮನೋವಿಜ್ಞಾನಿ, ಗಂಡಸರಿಗಿಂತ ಹೆಂಗಸರ ಕಾಮಪ್ರವೃತ್ತಿ ಸಮಾಜಕ್ಕೂ ಸನ್ನಿವೇಶಕ್ಕೂ ತಕ್ಕಂತೆ ಹೆಚ್ಚು ಬಾಗುತ್ತದೆ ಎಂದು ವಾದಿಸಿದ್ದಾರೆ. ಹಾಗಾದರೆ ಅಮ್ಮನ ಅನುಮಾನದಲ್ಲಿ ಹುರುಳಿದೆಯೇ? ಹೆಂಗಸರನ್ನೇ ಅಧ್ಯಯನ ಮಾಡಿ ಕಂಡುಕೊಂಡದ್ದು ಏನು ಎಂಬುದನ್ನು ಬಲ್ಲವರು ದಯವಿಟ್ಟು ವಿವರಿಸಬೇಕು.

ಉತ್ತರ: ಗಿರಿಧರ

ವಸುಧಾ ಅವರೇ, ತಳಿವಿಜ್ಞಾನವನ್ನು ಹಲವು ವರ್ಷ ಪಾಠ ಮಾಡಿದವನಾದ್ದರಿಂದ ಆ ಭಾಗವನ್ನಷ್ಟೇ ಹೇಳುತ್ತೇನೆ. ನಿಮ್ಮ ತಾಯಿಯವರ ಪ್ರಶ್ನೆಗೆ ಉತ್ತರ ಅದರೊಳಗೇ ಇದೆ ಎಂದು ನನಗನ್ನಿಸುತ್ತದೆ.

1993ರಲ್ಲಿ ಮೈಕೆಲ್ ಬೈಲಿ, ರಿಚರ್ಡ್ ಪಿಲ್ಲಾರ್ಡ್ ಮತ್ತು ಸಂಗಡಿಗರು ಹೆಂಗಸರ ಮೇಲೆಯೇ ಒಂದು ಅವಳಿ ಅಧ್ಯಯನ ನಡೆಸಿದರು. ಒಬ್ಬಳು ಸಲಿಂಗಿಯಾಗಿದ್ದಾಗ ಅವಳ ತದ್ರೂಪ ಅವಳಿಯೂ ಸಲಿಂಗಿ ಅಥವಾ ದ್ವಿಲಿಂಗಿಯಾಗಿದ್ದದ್ದು ಶೇ. 48ರಷ್ಟು, ತದ್ರೂಪವಲ್ಲದ ಅವಳಿಗಳಲ್ಲಿ ಇದು ಶೇ. 16, ದತ್ತು ಸಹೋದರಿಯರಲ್ಲಿ ಶೇ. 6. ಅಂಕಿಗಳು ಬೆರಗು ಹುಟ್ಟಿಸುತ್ತವೆ, ಆದರೆ ಭಾಗವಹಿಸಿದವರನ್ನು ಜಾಹೀರಾತಿನ ಮೂಲಕ ಕರೆದಿದ್ದರಿಂದ, ತನ್ನಂತೆಯೇ ಇರುವ ಅವಳಿಯನ್ನು ಹೊಂದಿದವರೇ ಹೆಚ್ಚು ಉತ್ಸಾಹದಿಂದ ಮುಂದೆ ಬಂದಿರಬಹುದು. 2000ರಲ್ಲಿ ಬೈಲಿಯವರೇ ಆಸ್ಟ್ರೇಲಿಯಾದ ಅವಳಿಗಳ ನೋಂದಣಿಯನ್ನು ಆಧರಿಸಿ ಮತ್ತೆ ಲೆಕ್ಕ ಹಾಕಿದಾಗ ತದ್ರೂಪ ಅವಳಿ ಹೆಂಗಸರಲ್ಲಿ ಆ ಪ್ರಮಾಣ ಶೇ. 24ಕ್ಕೆ ಇಳಿಯಿತು. ವಂಶವಾಹಿಗಳು ಸಂಪೂರ್ಣ ಒಂದೇ ಇದ್ದರೂ ನಾಲ್ವರಲ್ಲಿ ಮೂವರ ಅವಳಿ ಭಿನ್ನವಾಗಿರಬಹುದು ಎಂದಾಯಿತು.

2010ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನ 3,826 ಅವಳಿ ಜೋಡಿಗಳನ್ನು ಒಳಗೊಂಡಿತ್ತು. ಅದರ ಪ್ರಕಾರ ಹೆಂಗಸರಲ್ಲಿ ಕಂಡ ವ್ಯತ್ಯಾಸದಲ್ಲಿ ವಂಶವಾಹಿಗಳ ಪಾಲು ಶೇ. 18ರ ಆಸುಪಾಸು, ಒಡಹುಟ್ಟಿದವರು ಹಂಚಿಕೊಳ್ಳುವ ಪರಿಸರದ ಪಾಲು ಶೇ. 16ರ ಆಸುಪಾಸು, ಉಳಿದ ಸುಮಾರು ಮೂರನೇ ಎರಡು ಭಾಗ ಹಂಚಿಕೊಳ್ಳದ ಪರಿಸರದ್ದು. ಓದುಗರು ಎಡವುವುದು ಇಲ್ಲಿಯೇ. ಮೂರನೇ ಎರಡು ಭಾಗ ಪರಿಸರ ಎಂದೊಡನೆ ಬೆಳೆಸಿದ ರೀತಿ ಎಂದು ಅರ್ಥಮಾಡಿಕೊಳ್ಳುತ್ತಾರೆ. ಅವಳಿ ಅಧ್ಯಯನದ ಭಾಷೆಯಲ್ಲಿ ಹಾಗಲ್ಲ. ತಾಯ್ತಂದೆಯರ ಶಿಸ್ತು, ಮನೆಯ ನಂಬಿಕೆ, ಹಣಕಾಸಿನ ಸ್ಥಿತಿ ಮೊದಲಾಗಿ ಒಂದೇ ಮನೆಯ ಇಬ್ಬರನ್ನು ಪರಸ್ಪರ ಹೋಲುವಂತೆ ಮಾಡುವ ಸಂಗತಿಗಳು ಹಂಚಿಕೊಂಡ ಪರಿಸರಕ್ಕೆ ಸೇರುತ್ತವೆ. ಅವರಿಬ್ಬರನ್ನು ಬೇರೆ ಬೇರೆಯಾಗಿಸುವ ಸಕಲವೂ ಇನ್ನೊಂದು ಗುಂಪಿಗೆ ಬೀಳುತ್ತದೆ: ಗರ್ಭದಲ್ಲಿ ಒಂದೊಂದು ಭ್ರೂಣಕ್ಕೆ ದೊರೆತ ಪೋಷಣೆಯ ವ್ಯತ್ಯಾಸ, ಮಿದುಳಿನ ಬೆಳವಣಿಗೆಯ ಆಕಸ್ಮಿಕ ಏರುಪೇರು, ಬದುಕಿನಲ್ಲಿ ಎದುರಾದ ವ್ಯಕ್ತಿಗಳು, ಕೊನೆಗೆ ಪ್ರಶ್ನಾವಳಿಗೆ ಉತ್ತರಿಸುವಾಗ ಆದ ತಪ್ಪೂ ಸಹ. ತಾಯಿಯ ಪೋಷಣೆಗೆ ಹೆಚ್ಚು ಹತ್ತಿರವಾದದ್ದು ಆ ಶೇ. 16ರ ಭಾಗ, ಅದರ ಅಂದಾಜು ಕೂಡ ಬಹಳ ಸಡಿಲವಾದದ್ದು.

2019ರಲ್ಲಿ ಸುಮಾರು 4,77,000 ಜನರ ವಂಶವಾಹಿಗಳನ್ನು ಜಾಲಾಡಿದ ಅಧ್ಯಯನವು ಒಲವನ್ನು ನಿರ್ಧರಿಸುವ ಯಾವುದೇ ಒಂದು ವಂಶವಾಹಿ ಇಲ್ಲ, ಅತಿ ಸಣ್ಣ ಪ್ರಭಾವದ ಅನೇಕ ವಂಶವಾಹಿಗಳಿವೆ, ಗಂಡು ಹೆಣ್ಣುಗಳಲ್ಲಿ ಅವು ಸಂಪೂರ್ಣ ಒಂದೇ ಅಲ್ಲ ಎಂದು ತೋರಿಸಿತು. ಗರ್ಭದ ಹಾರ್ಮೋನುಗಳ ಮಾತು ಇದಕ್ಕಿಂತ ಸ್ಪಷ್ಟವಾಗಿದೆ. ಜನ್ಮಜಾತ ಅಡ್ರಿನಲ್ ಹೈಪರ್‌ಪ್ಲೇಸಿಯಾ ಎಂಬ, ಸುಮಾರು 15,000 ಜನನಗಳಲ್ಲಿ ಒಂದರಲ್ಲಿ ಕಾಣುವ ಸ್ಥಿತಿಯಲ್ಲಿ ಹೆಣ್ಣು ಭ್ರೂಣದ ಅಡ್ರಿನಲ್ ಗ್ರಂಥಿ ಗಂಡಸರಲ್ಲಿ ಹೆಚ್ಚಾಗಿರುವ ಆಂಡ್ರೊಜೆನ್ ಎಂಬ ಹಾರ್ಮೋನನ್ನು ಮಿತಿಮೀರಿ ಸ್ರವಿಸುತ್ತದೆ. ಆ ಮಕ್ಕಳನ್ನು ಹೆಣ್ಣಾಗಿಯೇ ಬೆಳೆಸಿದರೂ, ದೊಡ್ಡವರಾದ ಮೇಲೆ ಅವರಲ್ಲಿ ಹೆಂಗಸರತ್ತ ಆಕರ್ಷಣೆ ಇತರರಿಗಿಂತ ಹೆಚ್ಚಾಗಿ ಕಂಡುಬರುತ್ತದೆ. ಹಾಗಿದ್ದೂ ಅವರಲ್ಲಿ ಬಹುತೇಕರು ಗಂಡಸರತ್ತಲೇ ಒಲಿಯುತ್ತಾರೆ. ಹಾರ್ಮೋನು ಒಂದು ಕಾರಣವೇ ಹೊರತು ತೀರ್ಪಲ್ಲ.

ಉತ್ತರ: ಮೈತ್ರೇಯಿ

ಗಿರಿಧರ ಅವರ ವಿವರಣೆಯನ್ನು ಗೌರವದಿಂದಲೇ ಪ್ರಶ್ನಿಸಬೇಕಾಗಿದೆ. ಸ್ವೀಡನ್ನಿನ ಅಧ್ಯಯನ ಅಳೆದದ್ದು ಸಲಿಂಗ ಸಂಗಾತಿಗಳ ಸಂಖ್ಯೆಯನ್ನು. 2019ರ ಅಧ್ಯಯನದ ಮುಖ್ಯ ಪ್ರಶ್ನೆಯೂ ಬದುಕಿನಲ್ಲಿ ಒಮ್ಮೆಯಾದರೂ ಸಲಿಂಗ ಸಂಬಂಧವಿತ್ತೇ, ಇಲ್ಲವೇ ಎಂಬುದಾಗಿತ್ತು. ಇವು ವರ್ತನೆಯ ಅಳತೆಗಳು. ಮನಸ್ಸಿನೊಳಗಿನ ಆಕರ್ಷಣೆ ಒಂದು, ಅದರಂತೆ ನಡೆದುಕೊಳ್ಳುವುದು ಇನ್ನೊಂದು, ತನ್ನನ್ನು ತಾನು ಲೆಸ್ಬಿಯನ್ ಎಂದೋ ದ್ವಿಲಿಂಗಿ ಎಂದೋ ಕರೆದುಕೊಳ್ಳುವುದು ಮತ್ತೊಂದು. ಮದುವೆಯಿಲ್ಲದೆ ಹೆಣ್ಣು ಬದುಕಲಾಗದ ಸಮಾಜದಲ್ಲಿ ಆಕರ್ಷಣೆ ಎಷ್ಟೇ ಇರಲಿ, ಪ್ರಶ್ನಾವಳಿಯಲ್ಲಿ ಅದರ ಸುಳಿವೇ ಸಿಗುವುದಿಲ್ಲ.

ಬ್ರಿಟನ್ನಿನ ರಾಷ್ಟ್ರೀಯ ಲೈಂಗಿಕ ಸಮೀಕ್ಷೆಯನ್ನು ನೋಡಿ. ಸಲಿಂಗ ಸಂಪರ್ಕದ ಅನುಭವವಿದೆ ಎಂದು ಹೇಳಿದ 16ರಿಂದ 44 ವಯಸ್ಸಿನ ಹೆಂಗಸರ ಪ್ರಮಾಣ 1990–91ರಲ್ಲಿ ಶೇ. 1.8 ಇತ್ತು; ಹತ್ತು ವರ್ಷಗಳ ನಂತರ ಶೇ. 4.9, 2010–12ರಲ್ಲಿ ಶೇ. 7.9. ಇಪ್ಪತ್ತು ವರ್ಷಗಳಲ್ಲಿ ಒಂದು ದೇಶದ ವಂಶವಾಹಿಗಳು ಬದಲಾಗುವುದಿಲ್ಲ. ಬದಲಾದದ್ದು ನಡೆದುಕೊಳ್ಳುವ ಸ್ವಾತಂತ್ರ್ಯವೋ, ಹೇಳಿಕೊಳ್ಳುವ ಧೈರ್ಯವೋ, ಎರಡೂ ಕೂಡಿಯೋ ಇರಬೇಕು. ಅದಕ್ಕೂ ಬಹು ಹಿಂದೆ, 1953ರಲ್ಲಿ, ಲೈಂಗಿಕತೆಯ ಸಂಶೋಧಕ ಆಲ್ಫ್ರೆಡ್ ಕಿನ್ಸೆ ತಾವು ಸಂದರ್ಶಿಸಿದ ಅಮೆರಿಕದ ಹೆಂಗಸರಲ್ಲಿ ಶೇ. 28ರಷ್ಟು ಮಂದಿ 45ರ ವಯಸ್ಸಿನೊಳಗೆ ಒಮ್ಮೆಯಾದರೂ ಹೆಂಗಸರತ್ತ ಕಾಮದ ಸ್ಪಂದನೆಯನ್ನು ಅನುಭವಿಸಿದ್ದಾರೆಂದು ವರದಿ ಮಾಡಿದ್ದರು. ಅವರ ಮಾದರಿ ಇಡೀ ಸಮಾಜದ ಪ್ರತಿನಿಧಿಯಾಗಿರಲಿಲ್ಲ ಎಂಬ ಟೀಕೆ ನ್ಯಾಯವಾದದ್ದೇ. ಆದರೂ ಮನಸ್ಸಿನಲ್ಲಿದ್ದದ್ದಕ್ಕೂ ಬದುಕಿನಲ್ಲಿ ಕಾಣಿಸಿಕೊಂಡದ್ದಕ್ಕೂ ಎಷ್ಟು ಅಂತರವಿತ್ತೆಂಬುದು ಅದರಿಂದ ಗೊತ್ತಾಗುತ್ತದೆ.

ಕವಯಿತ್ರಿ ಏಡ್ರಿಯನ್ ರಿಚ್ 1980ರಲ್ಲಿ ಎತ್ತಿದ ಪ್ರಶ್ನೆಯೂ ನನ್ನನ್ನು ಬಿಟ್ಟಿಲ್ಲ. ಗಂಡಿನತ್ತ ಹೆಣ್ಣಿನ ಒಲವು ಸಹಜವೆಂದು ಮೊದಲೇ ಒಪ್ಪಿಕೊಂಡು ಉಳಿದದ್ದಕ್ಕೆ ಮಾತ್ರ ಕಾರಣ ಹುಡುಕುವುದೇಕೆ ಎಂಬುದು ಅವರ ವಾದದ ತಿರುಳು. ವಸುಧಾ ಅವರೇ, ನೀವು ಗಂಡಸನ್ನು ಇಷ್ಟಪಡುವವರಾಗಿದ್ದರೆ, ನಿಮ್ಮನ್ನು ಹೇಗೆ ಬೆಳೆಸಿದ್ದರಿಂದ ಹಾಗಾಯಿತು ಎಂದು ನಿಮ್ಮ ತಾಯಿ ಎಂದಾದರೂ ಕೇಳಿಕೊಂಡಿದ್ದಾರೆಯೇ? ಸಂಸ್ಕೃತಿಯ ಪಾತ್ರವನ್ನು ಅಳೆಯುವುದಾದರೆ ಇಬ್ಬರು ಅಕ್ಕತಂಗಿಯರ ಮೇಲೂ ಅಳೆಯಬೇಕು.

ಉತ್ತರ: ಅನುಪಮಾ

ಬೌಮೈಸ್ಟರ್ ಅವರ ಮಾತಿನ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು, ಏಕೆಂದರೆ ಅದರ ಬಿಸಿ ನನಗೆ ತಟ್ಟಿದೆ. ನಾನು ಗಂಡಸನ್ನು ಪ್ರೀತಿಸಿ ಮದುವೆಯಾದವಳು. ಆ ಪ್ರೀತಿ ಸುಳ್ಳಾಗಿರಲಿಲ್ಲ. ಮೂವತ್ತೆಂಟನೆಯ ವಯಸ್ಸಿನಲ್ಲಿ ಒಬ್ಬ ಗೆಳತಿಯ ಮೇಲೆ ಹುಟ್ಟಿದ ಭಾವ ನಾನು ಕರೆದು ತಂದದ್ದಾಗಿರಲಿಲ್ಲ, ಅಟ್ಟಿದರೂ ಹೋಗಲಿಲ್ಲ. ಆಗ ನಾನು ಸಲಹೆ ಕೇಳಿದ ಆಪ್ತಸಮಾಲೋಚಕರೊಬ್ಬರು, ಹೆಂಗಸರ ಒಲವು ಹೇಗಿದ್ದರೂ ಬದಲಾಗುತ್ತದಲ್ಲವೇ, ಮನಸ್ಸು ಮಾಡಿದರೆ ಹಿಂದಕ್ಕೂ ತಿರುಗಿಸಬಹುದು ಎಂದರು. ಎರಡು ವರ್ಷ ಅದನ್ನು ನಂಬಿ ನಾನು ನನ್ನನ್ನೇ ಹಿಂಸಿಸಿಕೊಂಡೆ.

ಅಮೆರಿಕದ ಮನೋವಿಜ್ಞಾನಿ ಲೀಸಾ ಡೈಮಂಡ್ 79 ಹೆಂಗಸರನ್ನು ಹತ್ತು ವರ್ಷ ಹಿಂಬಾಲಿಸಿ ನಡೆಸಿದ ಅಧ್ಯಯನದಲ್ಲಿ ಸುಮಾರು ಮೂರನೇ ಎರಡು ಭಾಗದವರು ತಮ್ಮನ್ನು ಲೆಸ್ಬಿಯನ್, ದ್ವಿಲಿಂಗಿ ಎಂದೆಲ್ಲ ಕರೆದುಕೊಳ್ಳುವ ಹೆಸರನ್ನು ಒಮ್ಮೆಯಾದರೂ ಬದಲಿಸಿಕೊಂಡಿದ್ದರು. ಹರಿಯುವ ಒಲವು ಎಂಬ ಮಾತು ಜನಪ್ರಿಯವಾದದ್ದು ಅಲ್ಲಿಂದಲೇ. ಆದರೆ ಬದಲಾಗುವುದು ಬೇರೆ, ಬದಲಾಯಿಸುವುದು ಬೇರೆ. ಡೈಮಂಡ್ ಅವರೇ ತಮ್ಮ ಸಂಶೋಧನೆಯನ್ನು ಒಲವು ತಿದ್ದುವ ಚಿಕಿತ್ಸೆಯ ಸಮರ್ಥನೆಗೆ ಬಳಸುವುದನ್ನು ಬಹಿರಂಗವಾಗಿ ವಿರೋಧಿಸಿದ್ದಾರೆ. 2009ರಲ್ಲಿ ಅಮೆರಿಕದ ಮನೋವೈಜ್ಞಾನಿಕ ಸಂಘದ ಕಾರ್ಯಪಡೆಯೂ ಅಂಥ ಪ್ರಯತ್ನಗಳು ಫಲಿಸುತ್ತವೆ ಎಂಬುದಕ್ಕೆ ಸಾಕಷ್ಟು ಆಧಾರವಿಲ್ಲವೆಂದೂ ಅವುಗಳಿಂದ ಹಾನಿಯಾಗುವ ಅಪಾಯವಿದೆಯೆಂದೂ ಹೇಳಿತು. ತಂಗಿಯ ಮುಂದೆ ಯಾರಾದರೂ ಈ ಮಾತು ತೆಗೆದರೆ ದಯವಿಟ್ಟು ತಡೆಯಿರಿ.

ಮರುಪ್ರಶ್ನೆ: ವಸುಧಾ

ಮೂವರಿಗೂ ನಾನು ಋಣಿ. ಅನುಪಮಾ ಅವರ ಉತ್ತರವನ್ನು ಅಮ್ಮನಿಗೆ ಓದಿ ಹೇಳಿದೆ. ಮತ್ತೊಮ್ಮೆ ಓದು ಎಂದರು. ಹಂಚಿಕೊಂಡ ಪರಿಸರದ ಮಾತನ್ನು ವಿವರಿಸಿದಾಗ, ನೀವಿಬ್ಬರೂ ಒಂದೇ ಕೈಯಲ್ಲಿ ಬೆಳೆದವರಲ್ಲವೇ ಎಂದು ತಾವೇ ಹೇಳಿದರು. ಆದರೆ ಹಾರ್ಮೋನಿನ ವಿಷಯ ಕೇಳಿದ ಮೇಲೆ ತಂಗಿಗೆ ರಕ್ತಪರೀಕ್ಷೆ ಮಾಡಿಸಬೇಕೇ ಎಂಬ ಹೊಸ ಚಿಂತೆ ಹತ್ತಿದೆ.

ಉತ್ತರ: ಗಿರಿಧರ

ಆ ಚಿಂತೆಗೆ ನಾನೇ ಕಾರಣನಾದೆನೆಂದು ಬೇಸರವಾಗುತ್ತಿದೆ. ಮೈತ್ರೇಯಿ ಅವರ ಆಕ್ಷೇಪವನ್ನು ಮೊದಲು ಒಪ್ಪುತ್ತೇನೆ: ಒಮ್ಮೆಯಾದರೂ ಎಂಬ ಪ್ರಶ್ನೆ ಒಲವನ್ನು ಅಳೆಯಲು ಬಹಳ ಒರಟಾದ ಸಾಧನ, ಆ ಅಂಕಿಗಳನ್ನು ವರ್ತನೆಯ ಅಂಕಿಗಳೆಂದೇ ಓದಬೇಕು.

ಪರೀಕ್ಷೆ ಬೇಡ. ನಾನು ಹೇಳಿದ ಸ್ಥಿತಿ ಅಪರೂಪದ್ದು. ಹೆಂಗಸರನ್ನು ಪ್ರೀತಿಸುವ ಹೆಂಗಸರಲ್ಲಿ ಬಹುಪಾಲು ಮಂದಿಗೆ ಅದಿರುವುದಿಲ್ಲ, ಅವರ ಹಾರ್ಮೋನುಗಳ ಮಟ್ಟವೂ ಸಾಮಾನ್ಯ ಮಿತಿಯಲ್ಲೇ ಇರುತ್ತದೆ. ವಿಜ್ಞಾನಿಗಳು ಆ ಸ್ಥಿತಿಯನ್ನು ಗಮನಿಸುವುದು ಗರ್ಭದ ದಿನಗಳ ಪ್ರಭಾವವನ್ನು ಅರಿಯಲು ಅದೊಂದು ಕಿಟಕಿಯಂತಿರುವುದರಿಂದ, ಎಲ್ಲರ ಒಲವಿಗೂ ಅದೇ ಮೂಲವೆಂದಲ್ಲ. ಒಬ್ಬ ವ್ಯಕ್ತಿಯ ಒಲವನ್ನು ಹೇಳಬಲ್ಲ ರಕ್ತಪರೀಕ್ಷೆಯಾಗಲಿ ವಂಶವಾಹಿ ಪರೀಕ್ಷೆಯಾಗಲಿ ಇಲ್ಲ. ತನ್ನ ಒಲವು ಏನೆಂಬುದನ್ನು ನಿಮ್ಮ ತಂಗಿ ಆರು ತಿಂಗಳ ಹಿಂದೆಯೇ ಹೇಳಿದ್ದಾಳೆ.