ವರ್ಡ್‌ನಲ್ಲಿ ಫೋಟೋ ಮೇಲಿನ ಅಕ್ಷರ ಜಾಗ ಬಿಟ್ಟು ಓಡುತ್ತಿದೆ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಒಂದು ಸ್ಮರಣ ಸಂಚಿಕೆ ವರ್ಡ್‌ನಲ್ಲೇ ಸಿದ್ಧಮಾಡುತ್ತಿದ್ದೇನೆ. ಹೆಚ್ಚುಕಡಿಮೆ ಪ್ರತಿ ಪುಟದಲ್ಲೂ ಫೋಟೋ, ಅದರ ಮೇಲೇ ಶೀರ್ಷಿಕೆ ಬರಬೇಕು.

ಇನ್ಸರ್ಟ್‌ನಿಂದ ಟೆಕ್ಸ್ಟ್ ಬಾಕ್ಸ್ ತಗೊಂಡು, ನೋ ಫಿಲ್, ನೋ ಔಟ್‌ಲೈನ್ ಕೊಟ್ಟು ಫೋಟೋ ಮೇಲೆ ಕೂರಿಸಿದ್ದೇನೆ. ಅಲ್ಲಿವರೆಗೆ ಸರಿ. ಮೇಲೆಲ್ಲೋ ಒಂದು ಪ್ಯಾರಾ ಸೇರಿಸಿದರೆ ಸಾಕು, ಫೋಟೋ ಮುಂದಿನ ಪುಟಕ್ಕೆ ಹೋಗುತ್ತದೆ, ಶೀರ್ಷಿಕೆ ಮಾತ್ರ ಹಳೇ ಪುಟದಲ್ಲೇ ಅನಾಥವಾಗಿ ನಿಂತಿರುತ್ತದೆ. ಎರಡನ್ನೂ ಗ್ರೂಪ್ ಮಾಡೋಣವೆಂದರೆ, ಫೋಟೋ ಇನ್ ಲೈನ್ ವಿತ್ ಟೆಕ್ಸ್ಟ್ (ಸಾಲಿನೊಳಗೆ ಒಂದು ಅಕ್ಷರದಂತೆ ಕೂರುವ ರೀತಿ) ಇರುವ ತನಕ ಗ್ರೂಪ್ ಆಯ್ಕೆಯೇ ಮಸುಕಾಗಿರುತ್ತದೆ. ವ್ರ್ಯಾಪ್ ಟೆಕ್ಸ್ಟ್‌ನಲ್ಲಿ ಸ್ಕ್ವೇರ್ (ಫೋಟೋ ಸುತ್ತ ಸಾಲುಗಳು ಹರಿಯುವ ಆಯ್ಕೆ) ಕೊಟ್ಟೆ, ಗ್ರೂಪ್ ಆಯಿತು. ಈಗ ಸುತ್ತಲಿನ ಸಾಲುಗಳೆಲ್ಲ ಚೆಲ್ಲಾಪಿಲ್ಲಿ!

ಗ್ರೂಪ್ ಆದಮೇಲೆ ಅದನ್ನು ಮತ್ತೆ ಇನ್ ಲೈನ್ ಮಾಡಿಬಿಡುವುದು ವಾಸಿಯೋ, ಅಥವಾ ಮೊದಲಿನಿಂದಲೇ ಡ್ರಾಯಿಂಗ್ ಕ್ಯಾನ್ವಾಸ್ (ಚಿತ್ರ, ಬಾಕ್ಸ್‌ಗಳನ್ನು ಒಟ್ಟಿಗೆ ಇಡುವ ಚೌಕಟ್ಟು) ಒಳಗೆ ಎರಡನ್ನೂ ಇಡುವುದೋ? ನೂರಾರು ಪುಟದ ಕಡತದಲ್ಲಿ ಯಾವುದು ಕೆಡದೆ ನಿಲ್ಲುತ್ತದೆ, ಮಾಡಿ ನೋಡಿದವರು ಹೇಳಿ.

ಇನ್ನೊಂದು ತಲೆನೋವು. ಶೀರ್ಷಿಕೆಯ ಲೈನ್ ಸ್ಪೇಸಿಂಗ್ (ಸಾಲುಗಳ ಅಂತರ) ಎಕ್ಸಾಕ್ಟ್‌ಲಿ, ಅಂದರೆ ನಿಗದಿತ ಅಳತೆಗೆ, ಇಟ್ಟರೆ ‘ರಾಷ್ಟ್ರ’ದಂಥ ಪದದ ಒತ್ತಕ್ಷರಗಳ ಬುಡವೇ ಕತ್ತರಿಸಿಹೋಗುತ್ತದೆ. ಸಿಂಗಲ್ ಮಾಡಿದರೆ ಒತ್ತು ಪೂರ್ತಿ ಕಾಣುತ್ತದೆ, ಆದರೆ ಎರಡು ಸಾಲಿನ ಶೀರ್ಷಿಕೆಯ ನಡುವೆ ವಿಪರೀತ ಅಂತರ. ನಡುವಿನ ದಾರಿ ಏನಾದರೂ ಇದೆಯೇ?

(ತಿಳಿ ಬಣ್ಣದ ಫೋಟೋ ಮೇಲೆ ಬಿಳಿ ಅಕ್ಷರ ಕಾಣದ ಸಮಸ್ಯೆ ಬಗೆಹರಿದಿದೆ, ಅಂಥ ಕಡೆ ನೋ ಫಿಲ್ ಬದಲು ಬಾಕ್ಸ್‌ಗೆ ಅರೆಪಾರದರ್ಶಕ ಕಪ್ಪು ಫಿಲ್ ಕೊಟ್ಟೆ.)

ದಯವಿಟ್ಟು ಫೋಟೋಶಾಪ್‌ನಲ್ಲಿ ಬರೆದು ಅಂಟಿಸಿ ಅನ್ನಬೇಡಿ. ಕರಡು ತಿದ್ದುವವರು ಶೀರ್ಷಿಕೆ ಬದಲಿಸುತ್ತಲೇ ಇರುತ್ತಾರೆ, ಅಕ್ಷರ ಅಕ್ಷರವಾಗಿಯೇ ಉಳಿಯಬೇಕು.