ವೀರಮ್ಮಾಜಿ ಕಾದಂಬರಿ: ನಾಲ್ಕನೇ ಅಧ್ಯಾಯದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ

ಬನಶಂಕರಿಯ ಲೆಕ್ಕದಮ್ಮ:

ಎಲ್ಲರಿಗೂ ನಮಸ್ಕಾರ. ಮೂರು ವರ್ಷದಿಂದ ಕೆಳದಿಯ ಕೊನೆಯ ರಾಣಿ ವೀರಮ್ಮಾಜಿಯ ಮೇಲೆ ಕಾದಂಬರಿ ಬರೆಯುತ್ತಿದ್ದೇನೆ. ಹಗಲೆಲ್ಲ ಒಂದು ಖಾಸಗಿ ಕಚೇರಿಯಲ್ಲಿ ಜಿಎಸ್‌ಟಿ ಲೆಕ್ಕ. ಬೆಳಿಗ್ಗೆ ಹಾಲು ಬರುವ ಮುಂಚೆ ಒಂದು ಗಂಟೆ ರಾಣಿ. ಹದಿನೇಳು ಅಧ್ಯಾಯ ಆಗಿದೆ. ನಾಲ್ಕನೆಯದು ಮಾತ್ರ ಇನ್ನೂ ಖಾಲಿ.

ಕೆಳದಿ ಚೆನ್ನಮ್ಮ ಎಲ್ಲರಿಗೂ ಗೊತ್ತು. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನನ್ನು ಎದುರು ಹಾಕಿಕೊಂಡವಳು. ಮಕ್ಕಳ ಛದ್ಮವೇಷಕ್ಕೂ ಬರುತ್ತಾಳೆ. ಅದೇ ಮನೆತನದ ವೀರಮ್ಮಾಜಿ ಅಂದರೆ 'ಯಾರದು?' ಅನ್ನುತ್ತಾರೆ. ಗೊತ್ತಿದ್ದವರು ಸ್ವಲ್ಪ ನಗುತ್ತಾರೆ. ಆ ನಗುವೇ ನನ್ನನ್ನು ಬರೆಯಲು ಕೂರಿಸಿದ್ದು.

ಮೈಸೂರಿನ ಚರಿತ್ರೆ ಬರೆದ ಬ್ರಿಟಿಷ್ ಅಧಿಕಾರಿ ವಿಲ್ಕ್ಸ್ ಸಾಹೇಬರು ಬರೆದಿಟ್ಟ ಕಥೆ ಹೀಗಿದೆ. ಗಂಡ ಬಸಪ್ಪ ನಾಯಕ ತೀರಿಕೊಂಡ ಮೇಲೆ ದತ್ತುಮಗ ಚೆನ್ನಬಸಪ್ಪನಿಗೆ ಪಟ್ಟ. ರಾಣಿಗೆ ನಿಂಬಯ್ಯ ಎಂಬವನ ಜೊತೆ ಸಂಬಂಧ. ಹುಡುಗ ಅದನ್ನು ಆಕ್ಷೇಪಿಸಿದ. ಸ್ನಾನದ ಹೊತ್ತಲ್ಲಿ ಮೈ ತಿಕ್ಕಲು ಬಂದ ಜಟ್ಟಿಯಿಂದ ಅವನ ಕತ್ತು ಮುರಿಸಿದಳು. 1757ರಿಂದ ಆಳ್ವಿಕೆ ಅವಳದೇ.

ಆದರೆ 1763ರಲ್ಲಿ ಆ ಚೆನ್ನಬಸಪ್ಪ ನಾನೇ ಅಂತ ಹೇಳಿಕೊಂಡು ಒಬ್ಬ ಹುಡುಗ ಹೈದರಾಲಿಯ ಮುಂದೆ ಬಂದು ನಿಂತ. 'ಜಟ್ಟಿ ನನ್ನನ್ನು ಕೊಲ್ಲಲಿಲ್ಲ, ಬಚ್ಚಿಟ್ಟ' ಅಂದ. ಹೈದರ್ ಅವನಿಗೆ ನ್ಯಾಯ ಕೊಡಿಸುತ್ತೇನೆ ಅಂತ ಹೊರಟು, ಮಾರ್ಚ್‌ನಲ್ಲಿ ಕೆಳದಿಯವರ ರಾಜಧಾನಿ ಬಿದನೂರು ಹಿಡಿದ. ಆಮೇಲೆ ಏನು ಮಾಡಿದ ಗೊತ್ತಾ? ರಾಣಿ, ಅವಳ ಇನ್ನೊಬ್ಬ ದತ್ತುಮಗ ಸೋಮಶೇಖರ, ಜೊತೆಗೆ ಈ ನ್ಯಾಯ ಕೇಳಿ ಬಂದ ಹುಡುಗ, ಎಲ್ಲರನ್ನೂ ಮಧುಗಿರಿ ಸೆರೆಗೆ ಕಳಿಸಿದ!

ಲೆಕ್ಕ ಬರೆಯುವವಳಿಗೆ ಇದು ತಾಳೆಯೇ ಆಗಲ್ಲ. ಬಂದವನು ನಿಜವಾದ ಚೆನ್ನಬಸಪ್ಪ ಆಗಿದ್ದರೆ ಕೊಲೆ ನಡೆದಿಲ್ಲ. ಸುಳ್ಳನಾದರೆ ಯುದ್ಧದ ನೆಪ ಸುಳ್ಳು. ಎರಡು ಆರೋಪವನ್ನೂ ಒಬ್ಬಳ ಖಾತೆಗೇ ಹೇಗೆ ಬರೆಯುತ್ತಾರೆ?

ಹೋದ ತಿಂಗಳು ಮಧುಗಿರಿ ಬೆಟ್ಟ ಹತ್ತಿದೆ. ಮೆಜೆಸ್ಟಿಕ್‌ನಿಂದ ಬೆಳಗಿನ ಬಸ್ಸು. ಹತ್ತು ಗಂಟೆಗೇ ಕಬ್ಬಿಣದ ಕಂಬಿ ಕೈ ಸುಡುತ್ತಿತ್ತು. ಬಂಡೆಯಲ್ಲಿ ಕೊರೆದ ಮೆಟ್ಟಿಲು ಪಾದದ ಅರ್ಧವೂ ಹಿಡಿಯುವುದಿಲ್ಲ, ಚಪ್ಪಲಿ ತೆಗೆದು ಕೈಯಲ್ಲಿ ಹಿಡಿದೆ. ಬೆಂಗಳೂರಿನ ಹುಡುಗರು ಸ್ಪೀಕರ್ ಹಾಕಿಕೊಂಡು ಸೆಲ್ಫಿ ತೆಗೆಯುತ್ತಿದ್ದರು. ಇಲ್ಲಿ ಒಬ್ಬ ರಾಣಿ ಸೆರೆಯಲ್ಲಿದ್ದಳು ಅಂದೆ. 'ಹೌದಾ ಆಂಟಿ, ಸೂಪರ್' ಅಂದರು. ನಾನು ಅವಳನ್ನು ಮೇಲೆ ಹತ್ತಿಸಲಿಲ್ಲ. ನನ್ನ ಕಾದಂಬರಿಯಲ್ಲಿ ಅವಳು ಕೆಳಗಿನ ಊರಲ್ಲೇ ಇರುತ್ತಾಳೆ. ಬೆಳಗಾದರೆ ಆ ಬಂಡೆ ಎದುರಿಗೆ.

ಈಗ ಪ್ರಶ್ನೆ. ಒಬ್ಬ ಪ್ರಕಾಶಕರು ಹಸ್ತಪ್ರತಿ ಓದಿ 'ನಿಂಬಯ್ಯನ ಭಾಗ ಸ್ವಲ್ಪ ಖಾರ ಮಾಡಿ, ಓಡುತ್ತೆ' ಅಂದರು. ನನಗೆ ಅವನನ್ನು ಪೂರ್ತಿ ತೆಗೆದುಬಿಡಬೇಕು ಅನ್ನಿಸಿದೆ. ನಾಲ್ಕನೇ ಅಧ್ಯಾಯದ ಆ ಸ್ನಾನದ ದೃಶ್ಯವನ್ನು ಬರೆಯಲೋ, ಬಿಡಲೋ?

ಮಲ್ಲೇಶ್ವರದ ಹಳೇ ಮೇಷ್ಟ್ರು:

ತಾಯಿ, ಲೆಕ್ಕ ಚೆನ್ನಾಗಿದೆ, ಆದರೆ ಒಂದು ಕಡೆ ತಪ್ಪಿದೆ. ಜಟ್ಟಿ ಬಚ್ಚಿಟ್ಟ ಅಂದರೆ ಕೊಲೆ ಆಗಿಲ್ಲ ಅಷ್ಟೆ. 'ಕೊಲ್ಲು' ಅಂದಿಲ್ಲ ಅಂತ ಆಗಲಿಲ್ಲ. ಆ ಹುಡುಗನ ಕಥೆಯಲ್ಲೂ ರಾಣಿಯೇ ಅಪರಾಧಿ. ಅದಕ್ಕೇ ಹೈದರನಿಗೆ ಅದು ರುಚಿಸಿದ್ದು.

ಯಾರು, ಯಾವಾಗ ಬರೆದರು ಅನ್ನುವುದನ್ನೂ ನೋಡಿ. ವಿಲ್ಕ್ಸ್ ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದವರು. ಅವರ ಮೊದಲ ಸಂಪುಟ ಬಂದದ್ದು 1810ರಲ್ಲಿ, ಅಂದರೆ ಬಿದನೂರು ಬಿದ್ದು 47 ವರ್ಷದ ಮೇಲೆ. ಸೋತ ಮನೆಯ ಹೆಂಗಸಿನ ನಡತೆ ಬಗ್ಗೆ 47 ವರ್ಷದಲ್ಲಿ ಮಾತು ಎಷ್ಟು ಬೆಳೆಯುತ್ತೆ ಅಂತ ಬೇರೆ ಹೇಳಬೇಕಾ?

ಇನ್ನೊಂದು. ಹೈದರ್ ಒಳಗೆ ಬರುತ್ತಿದ್ದಂತೆ ಅವಳು ವರಹ ಕೊಡುತ್ತೇನೆ, ಹಿಂದಕ್ಕೆ ಹೋಗು ಅಂತ ಹೇಳಿ ಕಳಿಸಿದಳು. ಅವನು ಮುಂದೆ ಬಂದ ಹಾಗೆಲ್ಲ ಮೊತ್ತ ಏರಿಸಿದಳು. ಇದನ್ನು ಹೇಡಿತನ ಅಂತ ಬರೆದವರಿದ್ದಾರೆ. ಆ ಕಾಲದಲ್ಲಿ ಮರಾಠರ ದಂಡನ್ನು ಎಷ್ಟು ಸಲ ದುಡ್ಡು ಕೊಟ್ಟೇ ವಾಪಸ್ ಕಳಿಸಿಲ್ಲ? ಅವಳು ವ್ಯವಹಾರ ಗೊತ್ತಿದ್ದವಳು. ನಿಮಗಿಂತ ಚೆನ್ನಾಗಿ ಆ ಅಧ್ಯಾಯ ಯಾರು ಬರೆಯುತ್ತಾರೆ?

ಪೀಣ್ಯದಿಂದ ಓದುಗಿ:

ನಿಂಬಯ್ಯನನ್ನು ಯಾಕೆ ತೆಗೆಯುತ್ತೀರಿ? ತೆಗೆದರೆ ಪ್ರಕಾಶಕರೂ ನೀವೂ ಒಂದೇ ಮಾತು ಹೇಳಿದ ಹಾಗೆ: ಗಂಡ ಸತ್ತವಳಿಗೆ ಇನ್ನೊಬ್ಬ ಇದ್ದರೆ ಅದು ಕಳಂಕ ಅಂತ. ಅವರು ಮಾರುತ್ತಾರೆ, ನೀವು ತೊಳೆಯುತ್ತೀರಿ. ರಾಜರಿಗೆ ಎಷ್ಟು ಜನ ಹೆಂಡಿರು ಅಂತ ಯಾರಾದರೂ ಪುಸ್ತಕದಲ್ಲಿ ನಾಚಿಕೊಂಡು ಬರೆದಿದ್ದಾರಾ? ಅವನು ಇರಲಿ ಬಿಡಿ. ಸುಮ್ನೆ ಒಬ್ಬ ಮನುಷ್ಯನಾಗಿ ಇರಲಿ, ಜ್ವರ ಬಂದಾಗ ಪಕ್ಕ ಕೂರುವವನು.

ಹೊಸನಗರದ ಹುಡುಗ, ಈಗ ಎಲೆಕ್ಟ್ರಾನಿಕ್ ಸಿಟಿ:

ಅಕ್ಕ, ನಮ್ಮೂರು ಬಿದನೂರಿನ ಪಕ್ಕದ್ದೇ. ಹೈದರ್ ಬಿದನೂರಿಗೆ ಹೈದರ್ ನಗರ ಅಂತ ಹೆಸರಿಟ್ಟ. ಈಗ 'ಹೈದರ್' ಹೋಗಿ ಬರೀ 'ನಗರ' ಉಳಿದಿದೆ. ಕೋಟೆಗೆ ಶಿವಪ್ಪ ನಾಯಕನ ಹೆಸರು. ನಾವು ಶಾಲೆಯಿಂದ ಹೋದಾಗ ವೀರಮ್ಮಾಜಿ ಅಂತ ಒಂದು ಮಾತೂ ಕೇಳಲಿಲ್ಲ. ಒಮ್ಮೆ ಮಳೆಗಾಲದಲ್ಲಿ ಬನ್ನಿ. ಗೋಡೆ ಮೇಲೆ ಪಾಚಿ, ಕಾಲಿಗೆ ಉಂಬಳ. ಬೇಸಿಗೆಯಲ್ಲಿ ನೋಡಿ ಬರೆದರೆ ಆ ಅರಮನೆ ನಿಮಗೆ ಸಿಗಲ್ಲ.

ಬನಶಂಕರಿಯ ಲೆಕ್ಕದಮ್ಮ:

ಮೇಷ್ಟ್ರೇ, ತಪ್ಪು ಒಪ್ಪಿದೆ. ಪೀಣ್ಯದವರೇ, ನಿಮ್ಮ ಮಾತು ಓದಿ ಮೊದಲು ಸಿಟ್ಟು ಬಂತು. ಅನ್ನಕ್ಕಿಟ್ಟು ಬಂದು ಮತ್ತೆ ಓದಿದೆ. ಸರಿ, ನಿಂಬಯ್ಯ ಇರುತ್ತಾನೆ.

ಸ್ನಾನದ ದೃಶ್ಯವನ್ನೂ ಬರೆಯುತ್ತೇನೆ, ಆದರೆ ಒಳಗಿನಿಂದಲ್ಲ. ಹೊರಗೆ ಒಲೆಗೆ ಸೌದೆ ಒಡ್ಡುವ ಒಬ್ಬ ಹುಡುಗಿ. ಅವಳಿಗೆ ನೀರು ಹೊಯ್ಯುವ ಸದ್ದು ಕೇಳುತ್ತೆ, ನಿಲ್ಲುತ್ತೆ. ಜಟ್ಟಿ ಎಣ್ಣೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬರುತ್ತಾನೆ. ಆಮೇಲೆ ಐದಾರು ವರ್ಷ ಊರೆಲ್ಲ ಅವಳನ್ನೇ ಕೇಳುತ್ತೆ, ಅವಳು ಕೇಳಿದವರಿಗೆ ತಕ್ಕ ಉತ್ತರ ಕೊಡುತ್ತಾ ಹೋಗುತ್ತಾಳೆ.

ಹೊಸನಗರದ ತಮ್ಮಾ, ನಿಮ್ಮ ಕಡೆ ಎಣ್ಣೆಸ್ನಾನಕ್ಕೆ ಸೀಗೆಯೋ, ಅಂಟುವಾಳವೋ? ಅಮ್ಮನನ್ನು ಕೇಳಿ ಹೇಳಪ್ಪ. ಆ ಹುಡುಗಿಯ ಕೈಗೆ ಯಾವುದರ ವಾಸನೆ ಅಂತ ನಾಳೆ ಬೆಳಿಗ್ಗೆಗೆ ಬೇಕು.