ಕಡಲ ತಳದ ಗ್ಯಾಸ್ ಹೈಡ್ರೇಟ್: ಸಿಕ್ಕಿದ್ದನ್ನು ಯಾಕೆ ತೆಗೆಯುತ್ತಿಲ್ಲ?

ಪ್ರಶ್ನೆ: ಕೃಷ್ಣಾ-ಗೋದಾವರಿ ಕಡಲಲ್ಲಿ 2006ರಲ್ಲೇ 100 ಮೀಟರ್‌ಗಿಂತ ದಪ್ಪದ ಗ್ಯಾಸ್ ಹೈಡ್ರೇಟ್ (ಅನಿಲವನ್ನು ಒಳಗೆ ಹಿಡಿದಿಟ್ಟ ಮಂಜುಗಡ್ಡೆಯಂಥ ವಸ್ತು, ಒತ್ತಡ ಇಳಿದರೆ ಕರಗಿ ಅನಿಲ ಬಿಡುತ್ತದೆ) ಪದರ ಸಿಕ್ಕಿತು ಅಂತ ಓದಿದೆ. ಮತ್ತೆ ಇಷ್ಟು ವರ್ಷ ಸುಮ್ನೆ ಬಿಟ್ಟಿದ್ದೇಕೆ?

ಉತ್ತರ (ಸಾಗರ ಭೂವಿಜ್ಞಾನಿ): ಸಿಕ್ಕಿದ್ದು ನಿಜ. ಜಾಯ್ಡಿಸ್ ರೆಸಲ್ಯೂಷನ್ ಹಡಗು ಸುಮಾರು 1,000 ಮೀಟರ್ ಆಳದ ನೀರಿನಡಿ ಕೊರೆದ 10ನೇ ತಾಣ ಅದು. ಆದರೆ ಅಲ್ಲಿರುವುದು 100 ಮೀಟರ್ ದಪ್ಪದ ಮಂಜುಗಡ್ಡೆಯಲ್ಲ, ನುಣ್ಣನೆಯ ಜೇಡಿ. ಅದರ ಕಣಗಳ ನಡುವೆ ಹೈಡ್ರೇಟ್ ಬೆಳೆಯುವಷ್ಟು ಜಾಗವಿಲ್ಲ. ಹಾಗಾಗಿ ಬಿರುಕುಗಳಲ್ಲಿ ಎಳೆಯಾಗಿ, ಗಂಟಾಗಿ ಕೂತಿದೆ.

ಎಷ್ಟು ಹೈಡ್ರೇಟ್ ಇದೆ ಅನ್ನುವ ಲೆಕ್ಕ ತಪ್ಪುವುದೂ ಇಲ್ಲೇ. ಹೈಡ್ರೇಟ್ ವಿದ್ಯುತ್ ಹರಿಯಲು ಬಿಡುವುದಿಲ್ಲ. ಬಿರುಕುಗಳು ಕಡಿದಾಗಿ ನಿಂತಿದ್ದರೆ ಬಾವಿಗಿಳಿಸಿದ ಉಪಕರಣ ವಿದ್ಯುತ್ ತಡೆಯನ್ನು ಜಾಸ್ತಿ ತೋರಿಸುತ್ತದೆ. ಆ ಅಂಕಿಯಿಂದ ಲೆಕ್ಕ ಹಾಕಿದರೆ ಹೈಡ್ರೇಟ್ ತುಂಬಾ ಇದೆ ಅನ್ನಿಸುತ್ತದೆ. ಒತ್ತಡ ಇಳಿಯದಂತೆ ಮೇಲೆ ತಂದ ಮಣ್ಣಿನ ಕಂಬಗಳಲ್ಲಿ, ಅಂದರೆ ಕೋರ್‌ಗಳಲ್ಲಿ ಅಳೆದರೆ ಅದಕ್ಕಿಂತ ಎಷ್ಟೋ ಕಡಿಮೆ. ನಾನು ನಂಬುವುದು ಕೋರನ್ನೇ.

ಪ್ರಶ್ನೆ: ನಾನು ಬಾಗಲಕೋಟೆಯವನು. ಆ ಜೇಡಿ ಕೃಷ್ಣೆ ಒಯ್ದ ನಮ್ಮ ಎರೆ ಮಣ್ಣೇ ಇರಬಹುದಾ?

ಉತ್ತರ: ಒಂದು ಪಾಲು ಖಂಡಿತ ಹೌದು! ದಖ್ಖನ್ನಿನ ಕಪ್ಪು ಕಲ್ಲು ಸವೆದು ಆದ ಸ್ಮೆಕ್ಟೈಟ್ ಜೇಡಿ ಅಲ್ಲಿ ಸಾಕಷ್ಟಿದೆ. ಕೃಷ್ಣೆ, ಗೋದಾವರಿ ಎರಡೂ ಹೊತ್ತು ತಂದದ್ದು. ನೀರು ಕುಡಿದರೆ ಎರೆ ಹೇಗೆ ಉಬ್ಬುತ್ತದೆ ಅಂತ ನಿಮಗೆ ನಾನು ಹೇಳಬೇಕಾ? ಹೈಡ್ರೇಟ್ ಕಟ್ಟುವಾಗ ಉಪ್ಪನ್ನು ಹೊರಗಿಡುತ್ತದೆ. ಹೈಡ್ರೇಟ್ ಕರಗಿದಾಗ ಬರುವುದು ಸಿಹಿನೀರು. ಉಪ್ಪುನೀರಲ್ಲಿ ಕುಗ್ಗಿ ಕೂತಿದ್ದ ಸ್ಮೆಕ್ಟೈಟ್ ಸಿಹಿನೀರು ತಗುಲಿದರೆ ಇನ್ನಷ್ಟು ಉಬ್ಬುತ್ತದೆ. ಮೊದಲೇ ಕಿರಿದಾದ ಸಂದುಗಳು ಮುಚ್ಚಿ ಅನಿಲದ ದಾರಿ ಕಟ್ಟಬಹುದು. ಜೇಡಿಯಲ್ಲಿ ಎಷ್ಟೇ ಹೈಡ್ರೇಟ್ ಇದ್ದರೂ ತೆಗೆಯುವುದು ಕಷ್ಟ ಅನ್ನುವುದು ಇದಕ್ಕೇ.

ಪ್ರಶ್ನೆ: ಹಾಗಾದರೆ ಮರಳಿದ್ದರೆ ಸುಲಭವೇ?

ಉತ್ತರ: ಜೇಡಿಗಿಂತ ವಾಸಿ. 2015ರಲ್ಲಿ ಭಾರತದ ಪೂರ್ವ ಕಡಲಲ್ಲಿ ಜಪಾನಿನ ಚಿಕ್ಯು ಹಡಗಿನಿಂದ ಮರಳು ಪದರಗಳನ್ನೇ ಹುಡುಕಿ ಕೊರೆದರು. ಅಲ್ಲಿ ಹೈಡ್ರೇಟ್ ಕಣಗಳ ನಡುವೆಯೇ ತುಂಬಿಕೊಂಡಿದೆ. ಅನಿಲ ಹರಿಯಲು ದಾರಿಯೂ ಇದೆ. ತೊಂದರೆ ಬೇರೆ. ಮರಳನ್ನು ಹಿಡಿದಿಟ್ಟಿದ್ದೇ ಹೈಡ್ರೇಟ್. ಅದು ಕರಗಿದರೆ ಮರಳು ಸಡಿಲ. ಜಪಾನಿನವರು 2013ರಲ್ಲಿ ತಮ್ಮ ನಂಕಾಯ್ ಕಡಲಲ್ಲಿ ಒತ್ತಡ ಇಳಿಸಿ ಅನಿಲ ತೆಗೆದರು. ಆರೇ ದಿನಕ್ಕೆ ಬಾವಿಗೆ ಮರಳು ನುಗ್ಗಿ ಪರೀಕ್ಷೆ ನಿಂತುಹೋಯಿತು.